ಕೊಡುಕೊಳ್ಳು ದರ್ಶನ ಸಂಗ್ರಹ

ಗ್ರಂಥ ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಶಾಸ್ತ್ರಕಾರರ ಕಟ್ಟಳೆ. ವಿಷಯವೆಂದರೆ, ಲ್ಯಾಟಿನ್ನಿನ ‘ಮೂತಾರೆ’ ಎಂಬ ಕ್ರಿಯಾಪದದಿಂದಲೂ ಅದರ ದಾಯಾದಿಯಾದ ‘ಮೂನುಸ್’ ಎಂಬ ನಾಮಪದದಿಂದಲೂ ಹುಟ್ಟಿ, ಇಂಗ್ಲಿಷಿನಲ್ಲಿ ಬಿಡಾರ ಹೂಡಿ, ಅಲ್ಲಿಂದ ನಮ್ಮ ತಾಲ್ಲೂಕು ಕಚೇರಿಯವರೆಗೂ ಬಂದಿರುವ ಪದಗಳು. ಪ್ರಯೋಜನ ಏನೂ ಇಲ್ಲ. ಸಂಬಂಧ ಮಾತ್ರ ಗಾಢವಾದದ್ದು: ಮುನಿಸಿಪಾಲಿಟಿ ನಲ್ಲಿಯ ನೀರಿನಲ್ಲಿ ಮುಖ ತೊಳೆದು, ಇಮ್ಯುನಿಟಿಗೆಂದು ಕಷಾಯ ಕುಡಿದು, ಮ್ಯೂಚುವಲ್ ಫಂಡಿನ ಇಳಿತ ನೋಡಿ ನಿಟ್ಟುಸಿರಿಟ್ಟು ಮನೆ ಬಿಡುವವರು ತಿಂಡಿಯ ಹೊತ್ತಿಗೇ ಈ ವಂಶದ ಮೂವರನ್ನು ಮಾತಾಡಿಸಿರುತ್ತಾರೆ. ಇನ್ನು ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹತೆ ಉಳ್ಳವರು: ಒಮ್ಮೆಯಾದರೂ ಕೈಗಡ ಕೊಟ್ಟು ಕಾದವರು.

ಧಾತುವಿಚಾರ

‘ಮೂತಾರೆ’ ಎಂದರೆ ಬದಲಾಯಿಸು, ಅದಲುಬದಲು ಮಾಡು. ‘ಮೂನುಸ್’ ಎಂದರೆ ಕಾಣಿಕೆ, ಕರ್ತವ್ಯವೂ ಹೌದು, ಸರ್ಕಾರಿ ಹುದ್ದೆಯೂ ಹೌದು, ಆ ಹುದ್ದೆಗೆ ಏರಿದವನು ಕೈಯಿಂದ ಖರ್ಚು ಮಾಡಿ ಊರಿಗೆಲ್ಲ ತೋರಿಸಬೇಕಾಗಿದ್ದ ಗ್ಲಾಡಿಯೇಟರ್ ಕಾಳಗವೂ ಹೌದು. ಒಂದೇ ಪದ ಕಾಣಿಕೆಯೂ ಹೊರೆಯೂ ಆಗುವುದು ಹೇಗೆ? ಫ್ರಾನ್ಸಿನ ಮಾರ್ಸೆಲ್ ಮಾಸ್ ಉಡುಗೊರೆಯೆಂಬುದು ಮರುಉಡುಗೊರೆಯ ಋಣವನ್ನು ಹೊತ್ತೇ ಬರುತ್ತದೆಂದು 1925ರಲ್ಲಿ ದೊಡ್ಡ ಪ್ರಬಂಧ ಬರೆದ. ಆಮೇಲೆ ಭಾಷಾಶಾಸ್ತ್ರಿ ಎಮಿಲ್ ಬೆನ್ವೆನಿಸ್ಟ್ ‘ಮೂನುಸ್’ ಪದವನ್ನೇ ಹಿಡಿದು ಅದನ್ನು ಬಿಡಿಸಿದ. ಮದುವೆಮನೆಯ ಬಾಗಿಲಲ್ಲಿ ಕೂತು ಮುಯ್ಯಿ ಬರೆದುಕೊಳ್ಳುವ ಸೋದರಮಾವನ ನೋಟ್‌ಬುಕ್ಕನ್ನು ನೋಡಿದ್ದರೆ ಇಬ್ಬರಿಗೂ ಕಾಗದ ಉಳಿಯುತ್ತಿತ್ತು. (ಮುಯ್ಯಿ, ಮೂನುಸ್ ಒಂದೇ ಬಳ್ಳಿಯ ಕಾಯೆಂದು ಯಾರೂ ಹಿಗ್ಗಬಾರದು. ಮುಯ್ಯಿ ಅಪ್ಪಟ ದ್ರಾವಿಡ ಪದ. ಸದ್ದೂ ಅರ್ಥವೂ ಹೊಂದಿಕೊಂಡದ್ದು ಕಾಕತಾಳೀಯ.)

ನಿಜವಾದ ನಂಟು ಬೇರೆ ಕಡೆ ಇದೆ. ಪಾಣಿನಿಯ ಧಾತುಪಾಠದಲ್ಲಿ ‘ಮೇಙ್’ ಎಂಬೊಂದು ಧಾತುವುಂಟು. ಕೊಟ್ಟು ಕೊಳ್ಳುವುದು ಎಂದು ವ್ಯಾಖ್ಯಾನಕಾರರು ಅದನ್ನು ಬಿಡಿಸುತ್ತಾರೆ. ನಾವು ದಿನಪತ್ರಿಕೆಯಲ್ಲಿ ಓದುವ ‘ವಿದೇಶಿ ವಿನಿಮಯ’ದ ವಿನಿಮಯ ಹುಟ್ಟಿದ್ದು ಅದರಿಂದಲೇ. ಇಂಡೋ-ಯುರೋಪಿಯನ್ ಮೂಲದಲ್ಲಿ ಇದೂ ಮೂತಾರೆಯೂ ಒಂದೇ ಒಲೆಯ ಕೆಂಡ. ‘ಮಿಥುನ’ವೂ ಅದೇ ಮನೆಯದು; ಹಾಗಾಗಿ ಪಂಚಾಂಗದ ಮಿಥುನ ರಾಶಿಗೂ ಷೇರುಪೇಟೆಯ ಮ್ಯೂಚುವಲ್ ಫಂಡಿಗೂ ರಕ್ತಸಂಬಂಧವಿದೆ. ಒಂದರಿಂದ ಇನ್ನೊಂದಕ್ಕೆ ಅದಲುಬದಲಾದದ್ದು, ಆದ್ದರಿಂದ ಸುಳ್ಳು ಎಂಬ ದಾರಿಯಲ್ಲಿ ‘ಮಿಥ್ಯೆ’ಯೂ ಅಲ್ಲಿಯದೇ. ಈ ಕೊನೆಯ ನಂಟನ್ನು ಫಂಡ್ ಮಾರುವವರು ಜಾಹೀರಾತಿನ ಕೊನೆಯಲ್ಲಿ ಅವಸರವಸರವಾಗಿ ಓದುವ ಎಚ್ಚರಿಕೆಯಲ್ಲಿ ಸೇರಿಸಿಕೊಳ್ಳಬಹುದು.

ಇಂಥ ವಂಶವನ್ನು ವಿಂಗಡಿಸುವುದು ಹೇಗೆ? ನಿಘಂಟುಕಾರರು ಉಪಸರ್ಗ ನೋಡುತ್ತಾರೆ: ಕಾಮ್, ಪರ್, ಟ್ರಾನ್ಸ್, ಇಮ್. ಇದು ರುಮಾಲು ನೋಡಿ ಊರು ಹೇಳಿದಂತೆ. ರುಮಾಲನ್ನು ಯಾರು ಬೇಕಾದರೂ ಸುತ್ತಿಕೊಳ್ಳಬಹುದು. ಈ ಗ್ರಂಥದ ಮಾನದಂಡ ಒಂದೇ ಪ್ರಶ್ನೆ: ಕೊಡುಕೊಳ್ಳುವಿಕೆಗೆ ಎರಡು ಪಕ್ಷ ಬೇಕಷ್ಟೆ, ಈ ಪದದೊಳಗೆ ಈಗ ಎಷ್ಟು ಪಕ್ಷಗಳು ಉಳಿದಿವೆ? ಕೇಳಿ ನೋಡಿದರೆ ಒಂದು ವಿಚಿತ್ರ ಹೊರಬೀಳುತ್ತದೆ. ರೋಮಿನಿಂದ ಹೊರಟಾಗ ಎಲ್ಲ ಪದಗಳ ಜೊತೆಗೂ ಇಬ್ಬರಿದ್ದರು. ಇಂಗ್ಲಿಷಿಗೆ ಬರುವಷ್ಟರಲ್ಲಿ ಬಹಳಷ್ಟು ಪದಗಳಲ್ಲಿ ಒಬ್ಬ ದಾರಿಯಲ್ಲೇ ತಪ್ಪಿಸಿಕೊಂಡಿದ್ದಾನೆ. ಇಬ್ಬರೂ ಉಳಿದದ್ದು ದ್ವೈತ. ಕೊಟ್ಟವನೂ ಕೊಂಡವನೂ ಒಬ್ಬನೇ ಆದದ್ದು ಅದ್ವೈತ. ಹಲವರು ಒಂದು ಶರೀರದ ಅಂಗಗಳಾದದ್ದು ವಿಶಿಷ್ಟಾದ್ವೈತ. ಕೊಡುವುದೇ ಇಲ್ಲವೆಂದು ಕೂತದ್ದು ಚಾರ್ವಾಕ. ಹದಿನಾಲ್ಕನೇ ಶತಮಾನದ ಸರ್ವದರ್ಶನಸಂಗ್ರಹ ಚಾರ್ವಾಕನಿಂದ ಶುರುವಾಗುತ್ತದೆ. ಸಾಲ ತೀರಿಸದವನನ್ನು ಮೊದಲ ಪಂಕ್ತಿಯಲ್ಲಿ ಕೂರಿಸುವುದು ನಮಗೆ ಸರಿಕಾಣದೆ ಅವನನ್ನು ಹಿಂದಕ್ಕೆ ಕಳಿಸಿದ್ದೇವೆ.

ದ್ವೈತ ಪ್ರಕರಣ

ಈ ಮತದ ಮೂಲಪುರುಷ ‘ಮೂತುವುಮ್’. ಇದು ರೋಮನ್ ಕಾನೂನಿನ ಒಂದು ಬಗೆಯ ಸಾಲ. ಕುದುರೆ ಎರವಲು ತಂದರೆ ಅದೇ ಕುದುರೆಯನ್ನು ಹಿಂದಿರುಗಿಸಬೇಕು. ಅದಕ್ಕೆ ಬೇರೆ ಹೆಸರಿದೆ, ‘ಕೊಮೊದಾತುಮ್’. ಧಾನ್ಯ, ಎಣ್ಣೆ, ದ್ರಾಕ್ಷಾರಸ, ದುಡ್ಡು ತಂದರೆ ಅದನ್ನೇ ಹಿಂದಿರುಗಿಸುವಂತಿಲ್ಲ, ತಿಂದು ಕುಡಿದು ಆಗಿರುತ್ತದೆ. ಅಷ್ಟೇ ಅಳತೆಯ, ಅದೇ ಜಾತಿಯ ಬೇರೆ ವಸ್ತು ಕೊಡಬೇಕು. ಅದು ಮೂತುವುಮ್. ಪಕ್ಕದ ಮನೆಯಿಂದ ತಂದ ಒಂದು ಬಟ್ಟಲು ಸಕ್ಕರೆ ಮೂತುವುಮ್, ಬಟ್ಟಲು ಕೊಮೊದಾತುಮ್. ಸಕ್ಕರೆ ವಾಪಸು ಬಂದು ಬಟ್ಟಲು ಬಾರದಿದ್ದರೆ ಎರಡು ಪ್ರತ್ಯೇಕ ದಾವೆ ಹೂಡಬೇಕೆಂಬುದು ಗಮನಿಸತಕ್ಕ ಅಂಶ. ಇನ್ನೊಂದು ಸೊಗಸೂ ಉಂಟು: ಮೂತುವುಮ್‌ಗೆ ತಾನಾಗಿ ಬಡ್ಡಿ ಇಲ್ಲ. ಬೇಕಿದ್ದರೆ ಬೇರೆ ಕರಾರು ಮಾಡಿಕೊಳ್ಳಬೇಕಿತ್ತು.

ಇದಕ್ಕೆ ಆ ಹೆಸರೇಕೆ? ಎರಡನೇ ಶತಮಾನದ ನ್ಯಾಯಶಾಸ್ತ್ರಿ ಗಾಯುಸ್ ವ್ಯುತ್ಪತ್ತಿ ಹೇಳುತ್ತಾನೆ: ‘ಮೆಯುಮ್’ ಎಂದರೆ ನನ್ನದು, ‘ತುವುಮ್’ ಎಂದರೆ ನಿನ್ನದು, ನನ್ನದು ನಿನ್ನದಾಗುವುದರಿಂದ ಮೂತುವುಮ್. ಕೇಳಲು ಇಂಪಾಗಿದೆ, ಪೂರಾ ತಪ್ಪು. ಆದರೆ ನಗುವ ಹಕ್ಕು ನಮಗಿಲ್ಲ; ಮುನಿಸಿಪಾಲಿಟಿಯನ್ನು ‘ಮುನಿಸಿನ ಪಾಲು’ ಎಂದು ಬಿಡಿಸುವ ವಿದ್ವಾಂಸರು ನಮ್ಮ ಪ್ರತಿ ವಾರ್ಡಿನಲ್ಲೂ ಇದ್ದಾರೆ. ಗಾಯುಸನ ಈ ಪುಸ್ತಕದ ಕಥೆಯೇ ಮೂತಾರೆಗೆ ದೃಷ್ಟಾಂತ. ಹಳೆಯ ಚರ್ಮದ ಹಾಳೆಗಳ ಮೇಲಿದ್ದ ಅವನ ಬರಹವನ್ನು ಯಾರೋ ಕೆರೆದು, ಅದೇ ಹಾಳೆಗಳ ಮೇಲೆ ಸಂತ ಜೆರೋಮನ ಪತ್ರಗಳನ್ನು ನಕಲು ಮಾಡಿಕೊಂಡಿದ್ದರು. 1816ರಲ್ಲಿ ಬಾರ್ತೋಲ್ಡ್ ನೀಬೂರ್ ಎಂಬ ಜರ್ಮನ್ ಇತಿಹಾಸಕಾರ ವೆರೋನಾದ ಗ್ರಂಥಾಲಯದಲ್ಲಿ ಅದನ್ನು ನೋಡಿ, ಸಂತನ ಕೆಳಗೆ ಒಬ್ಬ ವಕೀಲ ಮಲಗಿದ್ದಾನೆಂದು ಗುರುತಿಸಿದ.

ಇದೇ ಮತದ ಎರಡನೆಯವ ‘ಪೆರ್ಮೂತಾತಿಯೋ’, ಎಂದರೆ ವಸ್ತುವಿಗೆ ವಸ್ತು ಕೊಡುವ ಸಾಟಿ ವ್ಯಾಪಾರ. ಇದರ ಮೇಲೆ ರೋಮಿನಲ್ಲಿ ದೊಡ್ಡ ವಾದವಾಯಿತು. ಸಬಿನುಸನ ಪಂಥದವರು, ಸಾಟಿಯೂ ಒಂದು ಮಾರಾಟವೇ ಎಂದರು. ಪ್ರೋಕುಲುಸನ ಪಂಥದವರು, ಬೆಲೆಯೆಂದರೆ ನಾಣ್ಯ, ಎತ್ತು ಕೊಟ್ಟು ಎಮ್ಮೆ ತಂದರೆ ಯಾರು ಮಾರಿದವ ಯಾರು ಕೊಂಡವ ಎಂದು ಹೇಗೆ ಹೇಳುತ್ತೀರಿ ಎಂದರು. ಸಬಿನಿಯನ್ನರು ಹೋಮರನನ್ನು ಸಾಕ್ಷಿಗೆ ಕರೆದರು: ಟ್ರಾಯ್ ಮುಂದೆ ಬೀಡುಬಿಟ್ಟ ಗ್ರೀಕರು ಕಂಚು, ಕಬ್ಬಿಣ, ಚರ್ಮ, ಎತ್ತು, ಆಳುಗಳನ್ನು ಕೊಟ್ಟು ದ್ರಾಕ್ಷಾರಸ ಕೊಂಡರಲ್ಲವೇ? ಪೌಲುಸ್ ಎಂಬ ನ್ಯಾಯಶಾಸ್ತ್ರಿ ಅದೇ ಹೋಮರನಿಂದ ಬೇರೆ ಪ್ರಸಂಗ ತೆಗೆದ. ಯುದ್ಧರಂಗದ ನಡುವೆ ಗ್ಲೌಕುಸನೂ ಡಿಯೊಮಿಡೀಸನೂ ತಮ್ಮ ತಾತಂದಿರು ಸ್ನೇಹಿತರೆಂದು ತಿಳಿದು ಕವಚ ಬದಲಾಯಿಸಿಕೊಳ್ಳುತ್ತಾರೆ. ಗ್ಲೌಕುಸ್ ಕೊಟ್ಟದ್ದು ಚಿನ್ನದ ಕವಚ, ನೂರು ಎತ್ತಿನ ಬೆಲೆಯದು. ಪಡೆದದ್ದು ಕಂಚಿನದು, ಒಂಬತ್ತು ಎತ್ತಿನ ಬೆಲೆಯದು. ದೇವರೇ ಅವನ ಬುದ್ಧಿ ಕಿತ್ತುಕೊಂಡ ಎನ್ನುತ್ತಾನೆ ಕವಿ. ಇದು ಮಾರಾಟವಲ್ಲ, ಸಾಟಿ ಎಂದು ಪೌಲುಸನ ತೀರ್ಮಾನ. ಗೆದ್ದವರು ಪ್ರೋಕುಲಿಯನ್ನರು. ದ್ವೈತಿಗಳಿಗೆ ಇಲ್ಲೊಂದು ಸಂತೋಷದ ವಿಷಯವಿದೆ: ಇಲ್ಲಿ ಭೇದ ಮಾತ್ರವಲ್ಲ, ತಾರತಮ್ಯವೂ ಸಿದ್ಧವಾಯಿತು, ಅದೂ ತೊಂಬತ್ತೊಂದು ಎತ್ತುಗಳಷ್ಟು.

ಈ ಪೆರ್ಮೂತಾತಿಯೋ ಇಂಗ್ಲಿಷಿಗೆ ಬಂದು ಗಣಿತದ ಪರ್ಮ್ಯುಟೇಷನ್ ಆಯಿತು. ವಸ್ತುಗಳು ತಂತಮ್ಮಲ್ಲೇ ಜಾಗ ಬದಲಾಯಿಸಿಕೊಳ್ಳುತ್ತವೆ, ಲಾಭನಷ್ಟ ಯಾರಿಗೂ ಇಲ್ಲ. ನಮ್ಮ ಪಠ್ಯಪುಸ್ತಕ ಅದನ್ನು ಕ್ರಮಯೋಜನೆ ಎಂದಿತು. ಪರೀಕ್ಷೆಯಲ್ಲಿ ಅದನ್ನು ಬಿಟ್ಟು ಬೇರೆ ಪ್ರಶ್ನೆ ಆರಿಸಿಕೊಳ್ಳುವುದನ್ನು ಸಾಟಿ ವ್ಯಾಪಾರವೆನ್ನಬಹುದು.

ಇನ್ನು ‘ಮ್ಯೂಚುವಲ್’. ಶುದ್ಧ ದ್ವೈತಿ: ಇವನಿಂದ ಅವನಿಗೆ, ಅವನಿಂದ ಇವನಿಗೆ. ಪರಸ್ಪರ ಪ್ರೀತಿ, ಪರಸ್ಪರ ದ್ವೇಷ, ಎರಡಕ್ಕೂ ಸಲ್ಲುತ್ತದೆ. ಇಂಥ ಕುಲೀನನ ಮೇಲೆ ಕಳಂಕ ಬಂದದ್ದು ಚಾರ್ಲ್ಸ್ ಡಿಕನ್ಸ್‌ನಿಂದ. 1864–65ರಲ್ಲಿ ಕಂತುಕಂತಾಗಿ ಬಂದ ‘ಅವರ್ ಮ್ಯೂಚುವಲ್ ಫ್ರೆಂಡ್’ ಕಾದಂಬರಿಯ ಹೆಸರು ನೋಡಿ ವ್ಯಾಕರಣದ ಕಾವಲುಗಾರರು ಕೋಲು ಹಿಡಿದು ಎದ್ದರು. ನಾನು ನಿನಗೆ, ನೀನು ನನಗೆ ಮ್ಯೂಚುವಲ್ ಆಗಬಹುದು. ಮೂರನೆಯವನೊಬ್ಬ ನಮ್ಮಿಬ್ಬರಿಗೂ ಗೆಳೆಯನಾದರೆ ಅವನು ‘ಕಾಮನ್ ಫ್ರೆಂಡ್’ ಎಂದು ಅವರ ವಾದ. ಕಾದಂಬರಿಯಲ್ಲಿ ಆ ಮಾತು ಬರುವುದು ಓದುಬರಹ ಅಷ್ಟಾಗಿ ಬಾರದ ಬಾಫಿನ್ ಎಂಬ ಸಾಧುವಿನ ಬಾಯಲ್ಲಿ ಎಂಬುದನ್ನು ಅವರು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಇಷ್ಟಕ್ಕೂ ಜನ ‘ಕಾಮನ್’ ಎನ್ನದೆ ಹಿಂಜರಿದದ್ದೇಕೆ? ಆ ಪದಕ್ಕೆ ಅಷ್ಟರಲ್ಲಿ ಬೇರೊಂದು ವಾಸನೆ ಹತ್ತಿತ್ತು. ಅದನ್ನು ಮುಂದೆ ಹೇಳುತ್ತೇವೆ.

ಈ ಪ್ರಕರಣದ ಮುಕುಟಮಣಿ ಮಾತ್ರ ಇಂಗ್ಲೆಂಡಿನಲ್ಲಿಲ್ಲ, ನಮ್ಮ ತಾಲ್ಲೂಕು ಕಚೇರಿಯಲ್ಲಿದೆ. ಕೊರೋನಾ ಕಾಲದಲ್ಲಿ ಟಿ.ವಿ.ಯವರು ‘ಮ್ಯುಟೇಷನ್’ ಎಂದು ಗಾಬರಿಯಾದಾಗ ಹಳ್ಳಿಯ ಹಿರಿಯರು ಗಾಬರಿಯಾಗಲಿಲ್ಲ. ಅವರು ಆ ಪದವನ್ನು ಅಪ್ಪನ ಕಾಲದಿಂದ ಬಲ್ಲರು. ಜಮೀನು ಕೈಬದಲಾದರೆ ಮ್ಯುಟೇಷನ್ ಆಗಬೇಕು, ಎಂ.ಆರ್. ನಂಬರ್ ಬರಬೇಕು, ಪಹಣಿಯ ಒಂಬತ್ತನೇ ಕಾಲಂನಲ್ಲಿ ಹೆಸರು ಕೂರಬೇಕು. 1964ರ ಕರ್ನಾಟಕ ಭೂಕಂದಾಯ ಕಾಯಿದೆ ಇದಕ್ಕೊಂದು ರಿಜಿಸ್ಟರನ್ನೇ ವಿಧಿಸಿದೆ. ಕೊಟ್ಟವನುಂಟು, ಕೊಂಡವನುಂಟು, ತಕರಾರು ಹೇಳುವ ಅಣ್ಣತಮ್ಮಂದಿರುಂಟು. ಲ್ಯಾಟಿನ್ನಿನ ಮೂಲಾರ್ಥಕ್ಕೆ ಲಂಡನ್ನಿನ ಪ್ರಯೋಗಾಲಯಕ್ಕಿಂತ ಗ್ರಾಮಲೆಕ್ಕಿಗರ ಟೇಬಲ್ಲೇ ಹತ್ತಿರವೆಂಬುದು ಈ ಗ್ರಂಥಕರ್ತನ ದೃಢ ಅಭಿಪ್ರಾಯ.

ಪೂರ್ವಪಕ್ಷಿ ಕೇಳುತ್ತಾನೆ: ಹಾಗಾದರೆ ಪೌತಿ ಖಾತೆ ಯಾವ ಮತ? ಅಲ್ಲಿ ಕೊಟ್ಟವನು ಸತ್ತೇ ಹೋಗಿದ್ದಾನಲ್ಲ? ಒಳ್ಳೆಯ ಪ್ರಶ್ನೆ. ಸಮಾಧಾನ ಇಷ್ಟು: ಸತ್ತವನ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲವೂ ಹಾಜರಾಗಬೇಕಾದ್ದರಿಂದ ಕಡತದ ಮಟ್ಟಿಗೆ ಅವನು ಬದುಕಿದ್ದಾಗಿನದಕ್ಕಿಂತ ಹೆಚ್ಚು ಇರುತ್ತಾನೆ.

ಅದ್ವೈತ ಪ್ರಕರಣ

ಇಲ್ಲಿ ಕೊಡುವುದೂ ತಾನೇ, ಕೊಳ್ಳುವುದೂ ತಾನೇ. ಹಳೆಯ ತನ್ನನ್ನು ಕೊಟ್ಟು ಹೊಸ ತನ್ನನ್ನು ಪಡೆಯುವುದು. ಜೀವಶಾಸ್ತ್ರದ ಮ್ಯುಟೇಷನ್ ಇದಕ್ಕೆ ಸೇರುತ್ತದೆ. ಹಾಲೆಂಡಿನ ಹ್ಯೂಗೋ ಡಿ ವ್ರೀಸ್ 1886ರಲ್ಲಿ ಹಿಲ್ವರ್ಸಮ್ ಬಳಿ ಪಾಳುಬಿದ್ದ ಆಲೂಗಡ್ಡೆ ಹೊಲವೊಂದರಲ್ಲಿ ‘ಈವ್ನಿಂಗ್ ಪ್ರಿಮ್‌ರೋಸ್’ ಗಿಡಗಳನ್ನು ನೋಡಿದ. ಅಮ್ಮನನ್ನು ಹೋಲದ ಮಕ್ಕಳು ಅಲ್ಲಿದ್ದವು. ಹೊಸ ಜಾತಿಗಳು ಒಂದೇ ನೆಗೆತಕ್ಕೆ ಹುಟ್ಟುತ್ತವೆಂದು ತೀರ್ಮಾನಿಸಿ 1901ರಿಂದ 1903ರೊಳಗೆ ಎರಡು ಸಂಪುಟದ ಮ್ಯುಟೇಷನ್ ಸಿದ್ಧಾಂತ ಪ್ರಕಟಿಸಿದ. ಆಮೇಲೆ ನೋಡಿದರೆ, ಅವನು ಕಂಡದ್ದರಲ್ಲಿ ಹೆಚ್ಚಿನವು ಆ ಗಿಡದ ವರ್ಣತಂತುಗಳ ವಿಚಿತ್ರ ಜೋಡಣೆಯ ಆಟ; ಇಂದು ನಾವು ಮ್ಯುಟೇಷನ್ ಎನ್ನುವ ವಂಶವಾಹಿ ಬದಲಾವಣೆಗಳಲ್ಲ. ಹಗ್ಗವನ್ನು ಹಾವೆಂದು ಕಂಡದ್ದಾಯಿತು. ಆದರೂ ಹೆಸರು ಉಳಿಯಿತು.

ಹಾವಿನ ಮಾತು ಬಂತು. ಹಾವು ಪೊರೆ ಬಿಡುವುದಕ್ಕೂ ಹಕ್ಕಿ ಗರಿ ಉದುರಿಸುವುದಕ್ಕೂ ಇಂಗ್ಲಿಷಿನಲ್ಲಿ ‘ಮೋಲ್ಟ್’ ಎನ್ನುತ್ತಾರೆ. ಇದೂ ಮೂತಾರೆಯ ಕೂಸೇ. ನಡುವಿನ ಲಕಾರ ಎಲ್ಲಿಯದು? ಮೂಲದಲ್ಲಿ ಅದು ಇರಲೇ ಇಲ್ಲ. ‘ಫಾಲ್ಟ್’ ಮುಂತಾದ ಪದಗಳ ಸಹವಾಸದಿಂದ ಬಂದು ಸೇರಿಕೊಂಡು, ಕಾಲಕ್ರಮದಲ್ಲಿ ಉಚ್ಚಾರದಲ್ಲೂ ಹಕ್ಕು ಸ್ಥಾಪಿಸಿತು. ಒತ್ತುವರಿ ಮಾಡಿಕೊಂಡು ಆಮೇಲೆ ಸಕ್ರಮ ಮಾಡಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಮಾತ್ರ ಇಲ್ಲವೆಂದು ಸಮಾಧಾನಪಡಬಹುದು.

ಆದರೆ ಈ ಪ್ರಕರಣದ ರಸವೆಲ್ಲ ‘ಮ್ಯೂಸ್’ ಎಂಬ ಪದದಲ್ಲಿದೆ. ಫ್ರೆಂಚಿನಲ್ಲಿ ‘ಮ್ಯೂ’ ಎಂದರೆ ಗರಿ ಉದುರುವ ಕಾಲ. ಆ ಕಾಲದಲ್ಲಿ ಬೇಟೆಯ ಡೇಗೆಗಳನ್ನು ಕೂಡಿಹಾಕುತ್ತಿದ್ದ ಗೂಡು ಕೂಡ. ಇಂಗ್ಲೆಂಡಿನ ರಾಜರು ಲಂಡನ್ನಿನ ಚೇರಿಂಗ್ ಕ್ರಾಸ್‌ನಲ್ಲಿ ತಮ್ಮ ಡೇಗೆಗಳಿಗೆ ಇಂಥ ಗೂಡುಮನೆ ಇಟ್ಟಿದ್ದರು, ಹೆಸರು ‘ರಾಯಲ್ ಮ್ಯೂಸ್’. ಕವಿ ಚಾಸರ್ ರಾಜನ ಕಟ್ಟಡಗಳ ಗುಮಾಸ್ತನಾಗಿದ್ದಾಗ ಇದರ ಉಸ್ತುವಾರಿಯೂ ಅವನ ತಲೆಗೆ ಬಂದಿತ್ತು. 1534ರಲ್ಲಿ, ಎಂಟನೇ ಹೆನ್ರಿಯ ಕಾಲದಲ್ಲಿ, ಅದು ಸುಟ್ಟುಹೋಯಿತು. ಆ ಜಾಗದಲ್ಲಿ ಕುದುರೆ ಲಾಯ ಕಟ್ಟಿದರು. ಹೆಸರು ಮಾತ್ರ ಬದಲಾಯಿಸಲಿಲ್ಲ. ಹಾಗಾಗಿ ಲಾಯಕ್ಕೇ ಮ್ಯೂಸ್ ಎಂಬ ಹೆಸರಾಯಿತು. ಮುಂದೆ ಲಂಡನ್ನಿನ ಶ್ರೀಮಂತರ ಮನೆಗಳ ಹಿಂದಿನ ಓಣಿಗಳಲ್ಲಿ ಲಾಯಗಳ ಸಾಲು ಎದ್ದವು, ಅವೂ ಮ್ಯೂಸ್. ಮೋಟಾರು ಬಂದು ಕುದುರೆ ಹೋಯಿತು, ಲಾಯ ಗ್ಯಾರೇಜಾಯಿತು, ಗ್ಯಾರೇಜು ಮನೆಯಾಯಿತು. ಈಗ ಲಂಡನ್ನಿನಲ್ಲಿ ಮ್ಯೂಸ್ ಮನೆ ಕೊಳ್ಳಲು ಗ್ಲೌಕುಸನ ಕವಚವೂ ಸಾಲದು. ಹಳೇ ರಾಯಲ್ ಮ್ಯೂಸ್ ಇದ್ದ ಜಾಗವೇ ಇಂದಿನ ಟ್ರಫಾಲ್ಗರ್ ಚೌಕ. ಬದಲಾವಣೆ ಎಂಬ ಅರ್ಥದ ಪದವೊಂದು ಡೇಗೆಯಿಂದ ಕುದುರೆಗೆ, ಕುದುರೆಯಿಂದ ಕಾರಿಗೆ, ಕಾರಿನಿಂದ ಬಂಡವಾಳಗಾರನಿಗೆ ಮೈ ಬದಲಾಯಿಸುತ್ತ ಬಂದು, ಅಕ್ಷರ ಮಾತ್ರ ಬದಲಾಯಿಸದೆ ಕೂತಿದೆ. ಮಾಯಾವಾದಿಗಳಿಗೆ ಇದಕ್ಕಿಂತ ಪುಷ್ಟಿ ಬೇಕಿಲ್ಲ.

‘ಟ್ರಾನ್ಸ್‌ಮ್ಯುಟೇಷನ್’ ಬಗ್ಗೆ ಎರಡು ಮಾತು. ಸೀಸವನ್ನು ಚಿನ್ನ ಮಾಡುವ ರಸವಾದಿಗಳ ಪದವಿದು. ವಿಜ್ಞಾನಿಗಳು ಬಾಯಲ್ಲಿ ಆಡುತ್ತಿರಲಿಲ್ಲ. 1901ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಥೋರಿಯಂ ತಾನಾಗಿ ಬೇರೆ ಧಾತುವಾಗುತ್ತಿದೆಯೆಂದು ಫ್ರೆಡರಿಕ್ ಸಾಡಿಗೆ ಹೊಳೆದಾಗ ಅವನು ಈ ಪದವನ್ನು ಕೂಗಿಬಿಟ್ಟ. ಜೊತೆಗಿದ್ದ ರದರ್‌ಫರ್ಡ್, ಹಾಗೆನ್ನಬೇಡ ಮಾರಾಯ, ರಸವಾದಿಗಳೆಂದು ನಮ್ಮ ತಲೆ ತೆಗೆದಾರು ಎಂಬರ್ಥದಲ್ಲಿ ಗದರಿದನೆಂದು ಸಾಡಿ ಮುಂದೆ ನೆನೆದುಕೊಂಡ. ಇಬ್ಬರಿಗೂ ಬೇರೆಬೇರೆ ವರ್ಷಗಳಲ್ಲಿ ನೊಬೆಲ್ ಬಂತು, ತಲೆ ಉಳಿಯಿತು.

‘ಇಮ್ಯೂಟಬಲ್’ ಎಂದರೆ ಬದಲಾಗದ್ದು, ಪರಬ್ರಹ್ಮ. ಅದರ ಬಗ್ಗೆ ಹೇಳಲು ಏನೂ ಇಲ್ಲ.

ವಿಶಿಷ್ಟಾದ್ವೈತ ಪ್ರಕರಣ

‘ಮೂನುಸ್’ ಮನೆಯವರು ಹೆಚ್ಚಾಗಿ ಇಲ್ಲಿದ್ದಾರೆ. ಹೊರೆಯನ್ನು ಒಟ್ಟಾಗಿ ಹೊತ್ತವರು ‘ಕೊಮ್ಮೂನಿಸ್’. ಅದರಿಂದ ಕಾಮನ್, ಕಮ್ಯೂನ್, ಕಮ್ಯುನಿಟಿ, ಕಮ್ಯುನಿಸ್ಟ್, ಚರ್ಚಿನ ಕಮ್ಯೂನಿಯನ್, ಮೊಬೈಲ್ ಕಂಪನಿಯ ಕಮ್ಯುನಿಕೇಷನ್. ಮಾರ್ಕ್ಸನನ್ನೂ ಪೋಪನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವ ಸಾಮರ್ಥ್ಯ ಈ ಧಾತುವಿಗಲ್ಲದೆ ಇನ್ನಾವುದಕ್ಕೂ ಇಲ್ಲ.

‘ಕಾಮನ್’ ಪದದ ಅಧೋಗತಿಯನ್ನು ಹೇಳುತ್ತೇವೆಂದು ಮಾತು ಕೊಟ್ಟಿದ್ದೆವು. ಮೊದಲು ಅದು ಎಲ್ಲರದ್ದು. ಬ್ರಿಟನ್ನಿನ ‘ಹೌಸ್ ಆಫ್ ಕಾಮನ್ಸ್’ ಎಂದರೆ ಪಾಮರರ ಸಭೆಯಲ್ಲ, ಸಮುದಾಯಗಳ ಸಭೆ. ಹಳ್ಳಿಯ ‘ಕಾಮನ್ಸ್’ ಎಂದರೆ ಎಲ್ಲರ ದನ ಮೇಯುವ ಬಯಲು, ನಮ್ಮ ಗೋಮಾಳದ ಹಾಗೆ. ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ ಅದೇ ಸಭೆ ಸಾವಿರಾರು ಕಾಯಿದೆ ಮಾಡಿ ಅದೇ ಬಯಲುಗಳಿಗೆ ಬೇಲಿ ಹಾಕಿಸಿತು. ಕಾಮನ್ಸ್ ಕಾಮನ್ಸನ್ನು ನುಂಗಿತು. ಎಲ್ಲರ ಬಳಿಯೂ ಇದ್ದದ್ದು ಮಾಮೂಲಿ, ಮಾಮೂಲಿಯಾದದ್ದು ಅಗ್ಗ, ಅಗ್ಗವಾದದ್ದು ಕೀಳು. ಹೀಗೆ ಮೆಟ್ಟಿಲಿಳಿದು, ಹತ್ತೊಂಬತ್ತನೇ ಶತಮಾನದ ಮರ್ಯಾದಸ್ಥ ಮನೆಗಳಲ್ಲಿ ‘ಅವಳು ತುಂಬಾ ಕಾಮನ್’ ಎಂದರೆ ಸಂಬಂಧ ತಪ್ಪಿಹೋಗುವ ಸ್ಥಿತಿ ಬಂತು. ಗೆಳೆಯನನ್ನು ಕಾಮನ್ ಎಂದು ಕರೆಯಲು ಬಾಫಿನ್ನನಂಥವರು ಹಿಂದೆಗೆದದ್ದು ಸಹಜ. ಇನ್ನೂ ವಿಶೇಷವೆಂದರೆ, ಲ್ಯಾಟಿನ್ನಿನ ಈ ಪದಕ್ಕೆ ಜರ್ಮನಿಕ್ ಭಾಷೆಗಳಲ್ಲಿ ಕಚ್ಚಿಕೊಂಡು ಹುಟ್ಟಿದ ಅವಳಿಯೊಂದಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೂ ‘ಎಲ್ಲರಿಗೂ ಸೇರಿದ್ದು’ ಎಂದೇ ಅರ್ಥ. ಇಂದಿನ ರೂಪ ‘ಮೀನ್’: ಜಿಪುಣ, ನೀಚ. ಅಣ್ಣ ರೋಮಿನಲ್ಲಿ, ತಮ್ಮ ಉತ್ತರದ ಕಾಡುಗಳಲ್ಲಿ ಬೆಳೆದರೂ ಇಬ್ಬರೂ ಒಂದೇ ರೀತಿ ಕೆಟ್ಟರು. ಎಲ್ಲರಿಗೂ ಸೇರಿದ್ದನ್ನು ಜನ ಎಲ್ಲಿಯೂ ಗೌರವಿಸುವುದಿಲ್ಲವೆಂದು ಅನುಮಾನಿಸಲು ಎರಡು ಸಾಕ್ಷಿ ಸಾಲದೆ ಹೋದರೆ, ಬಸ್ ನಿಲ್ದಾಣದ ಶೌಚಾಲಯವನ್ನು ಮೂರನೆಯದಾಗಿ ಹಾಜರುಪಡಿಸುತ್ತೇವೆ.

‘ಮುನಿಸಿಪಲ್’ ಎಂಬುದರ ಬಿಡಿಸುವಿಕೆ ಹೀಗೆ: ‘ಮೂನಿಯ’ ಎಂದರೆ ಕರ್ತವ್ಯಗಳು, ‘ಕಾಪೆರೆ’ ಎಂದರೆ ಹಿಡಿದುಕೊ. ಕರ್ತವ್ಯ ವಹಿಸಿಕೊಂಡ ಊರು ಮುನಿಸಿಪಿಯುಮ್. ರೋಮ್ ತಾನು ಗೆದ್ದ ಊರುಗಳಿಗೆ ಈ ಪಟ್ಟ ಕಟ್ಟುತ್ತಿತ್ತು: ಸೈನಿಕರನ್ನು ಕೊಡಿ, ತೆರಿಗೆ ಕೊಡಿ. ಅವುಗಳಲ್ಲಿ ಕೆಲವಕ್ಕೆ ಪೌರತ್ವವಿತ್ತು, ಮತ ಹಾಕುವ ಹಕ್ಕಿರಲಿಲ್ಲ. ಬೆಂಗಳೂರಿಗೆ 1862ರಲ್ಲಿ ಪೇಟೆಗೊಂದು ದಂಡಿಗೊಂದು ಎಂದು ಎರಡು ಮುನಿಸಿಪಲ್ ಮಂಡಳಿಗಳು ಬಂದವು. ಕರ್ತವ್ಯ ಹಿಡಿದವರು ಊರಿನವರೋ ಮಂಡಳಿಯವರೋ ಎಂಬ ಸಂದೇಹ ಪ್ರತಿ ಮಳೆಗಾಲದಲ್ಲೂ ಪುನಃ ಏಳುತ್ತದೆ. ನಿರ್ಣಯವಾಗುವ ಮುನ್ನ ಚಳಿಗಾಲ ಬರುತ್ತದೆ.

ಚಾರ್ವಾಕ ಪ್ರಕರಣ

‘ಇಮ್ಮೂನಿಸ್’: ಮೂನುಸ್ ಇಲ್ಲದವನು, ಕೊಡಬೇಕಾದ್ದಿಲ್ಲದವನು. ರೋಮನ್ ಸೈನ್ಯದಲ್ಲಿ ಕಮ್ಮಾರ, ವೈದ್ಯ, ಭೂಮಾಪಕ ಮುಂತಾದ ಕಸುಬುದಾರರಿಗೆ ಗುಂಡಿ ತೋಡುವ, ಕಾವಲು ನಿಲ್ಲುವ ಕೆಲಸಗಳಿಂದ ವಿನಾಯಿತಿ ಇತ್ತು. ಅವರನ್ನು ಇಮ್ಮೂನೆಸ್ ಎಂದೇ ಕರೆಯುತ್ತಿದ್ದರು. ತೆರಿಗೆ ವಿನಾಯಿತಿ ಪಡೆದ ಊರೂ ಇಮ್ಮೂನಿಸ್. ನಮ್ಮ ಶಾಸನಗಳ ‘ಸರ್ವಮಾನ್ಯ’ ಭೂಮಿಯೂ ಇದೇ. ಹತ್ತೊಂಬತ್ತನೇ ಶತಮಾನದಲ್ಲಿ ವೈದ್ಯರು ಈ ಪದವನ್ನು ಎತ್ತಿಕೊಂಡರು: ಕಂದಾಯದವನು ಬರದ ಮನೆಯಂತೆ ರೋಗ ಬರದ ಮೈ. ಮೈ ಹೇಗೆ ಹೋರಾಡುತ್ತದೆಂದು ಕಂಡುಹಿಡಿದದ್ದಕ್ಕೆ ಮೆಚ್ನಿಕಾಫ್, ಎರ್ಲಿಕ್ ಇಬ್ಬರಿಗೂ 1908ರ ನೊಬೆಲ್ ಹಂಚಿ ಕೊಟ್ಟರು. ಇಬ್ಬರ ಸಿದ್ಧಾಂತಗಳೂ ಒಂದಕ್ಕೊಂದು ಎದುರಾಗಿದ್ದವು, ಬಹುಮಾನ ಮಾತ್ರ ಕಾಮನ್.

ಇಲ್ಲಿ ಪೂರ್ವಪಕ್ಷಿಯ ಆಕ್ಷೇಪಕ್ಕೆ ತಲೆಬಾಗಬೇಕು. ಲಸಿಕೆ ಹಾಕಿಸಿಕೊಂಡವನು ಒಂದು ದಿನ ಜ್ವರ, ತೋಳುನೋವು ಅನುಭವಿಸಿ ವಿನಾಯಿತಿ ಪಡೆಯುತ್ತಾನೆ. ಅವನು ಮುಂಗಡ ಕಟ್ಟಿದವನು, ಚಾರ್ವಾಕನಲ್ಲ. ಒಪ್ಪಿದೆವು. ಆದರೆ ಪಾರ್ಲಿಮೆಂಟರಿ ಇಮ್ಯುನಿಟಿ, ಡಿಪ್ಲೊಮ್ಯಾಟಿಕ್ ಇಮ್ಯುನಿಟಿಗಳಿಗೆ ತೋಳು ನೋಯುವುದಿಲ್ಲವಾದ್ದರಿಂದ ಅವು ಈ ಪ್ರಕರಣದಲ್ಲೇ ಮುಂದುವರಿಯತಕ್ಕದ್ದು. ಸಾಲ ಮಾಡಿಯಾದರೂ ತುಪ್ಪ ತಿನ್ನಬೇಕೆಂದ ಚಾರ್ವಾಕನಿಗೂ ಅಂಗಡಿಯಲ್ಲಿ ಲೆಕ್ಕ ಬರೆಯುವವನೊಬ್ಬ ಇದ್ದ. ರಾಯಭಾರಿಯ ಕಾರಿಗೆ ಪಾರ್ಕಿಂಗ್ ಚೀಟಿ ಅಂಟಿಸುವವನ ಪಾಡು ಅದಕ್ಕಿಂತ ಕಷ್ಟ.

‘ರೆಮ್ಯುನರೇಷನ್’ ಮರಳಿ ಕೊಡುವ ಮೂನುಸ್, ಆದ್ದರಿಂದ ದ್ವೈತಿ. ಚಾರ್ವಾಕರ ಪಕ್ಕದಲ್ಲಿ ಕೂರಿಸಿದ್ದು ಸಂಭಾವನೆ ಕೊಡುವವರ ಅಭ್ಯಾಸ ನೋಡಿ. ಶೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಕಾಸ್ಟರ್ಡ್ ಎಂಬ ಹಳ್ಳಿಗನಿಗೆ, ಪತ್ರ ಮುಟ್ಟಿಸುವುದಕ್ಕೆಂದು, ‘ಇಗೋ ರೆಮ್ಯುನರೇಷನ್’ ಎಂದು ಜಂಬಗಾರ ಸ್ಪೇನಿನವನೊಬ್ಬ ಚಿಲ್ಲರೆ ಕೈಗಿಡುತ್ತಾನೆ. ಎಣಿಸಿದರೆ ಮೂರು ಫಾರ್ದಿಂಗ್, ಒಂದು ಪೆನ್ನಿಯ ಮುಕ್ಕಾಲು. ಓಹೋ, ಮೂರು ಫಾರ್ದಿಂಗಿಗೆ ಲ್ಯಾಟಿನ್ನಿನಲ್ಲಿ ಹೀಗೆನ್ನುತ್ತಾರೆ ಎಂದುಕೊಳ್ಳುತ್ತಾನೆ ಕಾಸ್ಟರ್ಡ್. ಆಮೇಲೆ ಇನ್ನೊಬ್ಬ ‘ಗರ್ಡನ್’ ಎಂದು ಒಂದು ಶಿಲ್ಲಿಂಗ್ ಕೊಟ್ಟಾಗ, ರೆಮ್ಯುನರೇಷನ್ನಿಗಿಂತ ಗರ್ಡನ್ ಹನ್ನೊಂದೂಕಾಲು ಪೆನ್ನಿ ಮೇಲೆಂದು ಲೆಕ್ಕ ಹಾಕಿ ಹೇಳುತ್ತಾನೆ. ಸಮಾನಾರ್ಥಕ ಪದಗಳ ನಡುವಿನ ವ್ಯತ್ಯಾಸವನ್ನು ಇಷ್ಟು ನಿಖರವಾಗಿ ಅಳೆದ ನಿಘಂಟುಕಾರ ಇನ್ನೊಬ್ಬನಿಲ್ಲ. ಕನ್ನಡದ ‘ಸಂಭಾವನೆ’ಗೂ ‘ಗೌರವಧನ’ಕ್ಕೂ ಇಂಥ ತೂಕ ಮಾಡುವವರು ಬೇಕಾಗಿದ್ದಾರೆ.

ಪರಿವ್ರಾಜಕ ಪ್ರಕರಣ

ಯಾವ ಮಠದಲ್ಲೂ ನಿಲ್ಲದವನು ‘ಕಮ್ಯೂಟ್’. ರಾಷ್ಟ್ರಪತಿ ಸಂವಿಧಾನದ 72ನೇ ವಿಧಿಯಡಿ ಗಲ್ಲನ್ನು ಜೀವಾವಧಿಗೆ ಬದಲಾಯಿಸಿದರೆ ಕಮ್ಯೂಟ್. ಕೇಂದ್ರ ಸರ್ಕಾರದ ನೌಕರ ನಿವೃತ್ತನಾಗಿ ಪಿಂಚಣಿಯ ಶೇಕಡ 40ರವರೆಗೆ ಬಿಟ್ಟುಕೊಟ್ಟು ಇಡಿಗಂಟು ತೆಗೆದುಕೊಂಡು ಮಗಳ ಮದುವೆ ಮಾಡಿದರೆ ಅದೂ ಕಮ್ಯುಟೇಷನ್. ಬಿಟ್ಟ ಭಾಗ ಮರಳಿ ಬರಲು 15 ವರ್ಷ ಬದುಕಿರಬೇಕು. ಇಂಗ್ಲೆಂಡಿನಲ್ಲಿ 1836ರ ಕಾಯಿದೆಯೊಂದು ಚರ್ಚಿಗೆ ಸಲ್ಲುತ್ತಿದ್ದ ದಶಾಂಶವನ್ನು, ಎಂದರೆ ಹತ್ತನೇ ಸಿವುಡು, ಹತ್ತನೇ ಹಂದಿಮರಿಗಳನ್ನು, ಹಣವಾಗಿ ಕಮ್ಯೂಟ್ ಮಾಡಿತು; ಗೋಧಿ, ಬಾರ್ಲಿ, ಓಟ್ಸ್‌ಗಳ ಏಳು ವರ್ಷದ ಸರಾಸರಿ ಧಾರಣೆಯೇ ಲೆಕ್ಕ. ಪಾದ್ರಿಗಳಿಗೆ ಹಂದಿಮರಿ ಹಿಡಿಯುವ ಕಷ್ಟ ತಪ್ಪಿತು. 1814ರಲ್ಲಿ ಫ್ರಾನ್ಸಿನ ಗಣಿತಜ್ಞ ಸೆರ್ವ್ವಾ, ಒಂದರ ಮೇಲೊಂದು ಪ್ರಯೋಗಿಸುವಾಗ ಸರದಿ ಬದಲಾದರೂ ಫಲಿತಾಂಶ ಬದಲಾಗದ ಫಲನಗಳಿಗೆ ‘ಕಮ್ಯುಟೇಟಿವ್’ ಎಂದು ಹೆಸರಿಟ್ಟ.

ಹಾಗಾದರೆ ದಿನವೂ ಕಚೇರಿಗೆ ಹೋಗಿಬರುವವನು ಕಮ್ಯೂಟರ್ ಆದದ್ದೇಕೆ? ಹೋಗುವುದೂ ಬರುವುದೂ ಅದಲುಬದಲೆಂದು ಅಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಅಮೆರಿಕದ ರೈಲು ಕಂಪನಿಗಳು ದಿನದಿನದ ಟಿಕೆಟ್ಟಿನ ಬದಲಿಗೆ ಒಟ್ಟಾಗಿ ಕಡಿಮೆ ದರದ ‘ಕಮ್ಯುಟೇಷನ್ ಟಿಕೆಟ್’ ಕೊಡಲು ಶುರುಮಾಡಿದವು. ಅದನ್ನು ಇಟ್ಟುಕೊಂಡವನು ಕಮ್ಯೂಟರ್. ಪದದ ಪ್ರಕಾರ ಕಮ್ಯೂಟರ್ ಎಂದರೆ ರಿಯಾಯಿತಿ ಪಡೆದವನು. ಸಂಜೆ ಆರೂವರೆಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತವರಿಗೆ ಈ ವ್ಯುತ್ಪತ್ತಿಯನ್ನು ತಿಳಿಸಬಾರದು.

ಬಹಿಷ್ಕೃತರು

‘ಮ್ಯೂಟ್’, ಮೂಕ ಎಂದರ್ಥ, ಸದ್ದೊಂದೇ ಹೋಲಿಕೆ, ತಳ್ಳಲಾಗಿದೆ. ‘ಮ್ಯೂಟಿನಿ’ ಚಲನೆಯ ಧಾತುವಿನದು. ‘ಅಮ್ಯುನಿಷನ್’ ಕೋಟೆ ಕಟ್ಟುವ ಧಾತುವಿನದು. ‘ಮಟನ್’ ಅರ್ಜಿ ಹಾಕಿತ್ತು. ಅದು ಗಾಲ್ ದೇಶದ ಟಗರು, ವಾಪಸು ಕಳಿಸಿದೆವು. ‘ಅಮೀಬಾ’ ಗ್ರೀಕ್ ಕಡೆಯ ಸೋದರಸಂಬಂಧಿ, ಹೋಮರನು ಕವಚದ ಬದಲಾವಣೆಗೆ ಬಳಸಿದ ಕ್ರಿಯಾಪದದ ಮಗು. ಅತಿಥಿಯಾಗಿ ಊಟಕ್ಕೆ ಕೂರಬಹುದು.

ಎಲ್ಲಕ್ಕಿಂತ ದೊಡ್ಡ ಆಘಾತವೆಂದರೆ ‘ಚೇಂಜ್’ ಮತ್ತು ‘ಎಕ್ಸ್‌ಚೇಂಜ್’ ಈ ವಂಶದವಲ್ಲ. ಅವು ‘ಕಂಬಿಯಾರೆ’ ಎಂಬ ತಡವಾಗಿ ಬಂದ ಲ್ಯಾಟಿನ್ ಪದದಿಂದ ಬಂದವು. ಅದನ್ನು ರೋಮನ್ನರು ಕೆಲ್ಟರಿಂದ ಪಡೆದರು. ಬಸ್ಸಿನಲ್ಲಿ ನಡೆಯುವುದು ಹಾಗಾದರೆ ಏನು? ಚೇಂಜ್ ಇಲ್ಲ ಎಂದು ಕಂಡಕ್ಟರ್ ಟಿಕೆಟ್ಟಿನ ಹಿಂದೆ ಏಳು ರೂಪಾಯಿ ಬಾಕಿ ಬರೆದುಕೊಟ್ಟರೆ ಅದು ಮೂತುವುಮ್ ಆಗಬೇಕಿತ್ತು: ಅದೇ ನಾಣ್ಯ ಬೇಕಿಲ್ಲ, ಅಷ್ಟೇ ಮೊತ್ತ ಸಾಕು, ಬಡ್ಡಿಯೂ ಇಲ್ಲ. ಆದರೆ ಮೂತುವುಮ್‌ಗೆ ಎರಡೂ ಕಡೆಯ ಒಪ್ಪಿಗೆ ಬೇಕು. ಪ್ರಯಾಣಿಕ ಸಾಲ ಕೊಡುತ್ತೇನೆಂದು ಹೇಳಿರಲಿಲ್ಲ. ಇಳಿಯುವಾಗ ಮರೆತನೋ, ಕಂಡಕ್ಟರ್ ಇಮ್ಮೂನಿಸ್. ಇನ್ನೂ ತೊಡಕಿನ ಪ್ರಸಂಗ ಬೇರೊಂದಿದೆ. ಪರಿಚಯವೇ ಇಲ್ಲದ ಇಬ್ಬರ ನಡುವೆ ಒಂದು ಹತ್ತರ ನೋಟು ಚಾಚಿ, ಐದೈದು ರೂಪಾಯಿ ನೀವೇ ಹಂಚ್ಕೊಳ್ಳಿ ಎಂದು ಕಂಡಕ್ಟರ್ ಮುಂದೆ ಹೋಗಿಬಿಡುತ್ತಾನೆ. ಈಗ ನೋಟು ಇಬ್ಬರಿಗೂ ಕಾಮನ್, ಋಣ ಮ್ಯೂಚುವಲ್, ಮೂರನೆಯವನು ಪರಿವ್ರಾಜಕ. ಇದನ್ನು ಯಾವ ಪ್ರಕರಣಕ್ಕೆ ಸೇರಿಸಬೇಕೆಂದು ಸಬಿನಿಯನ್ನರೂ ಪ್ರೋಕುಲಿಯನ್ನರೂ ವಾದಕ್ಕೆ ಕೂತರೆ, ಮುಗಿಯುವ ಮೊದಲೇ ನೋಟು ಹಿಡಿದವನ ಸ್ಟಾಪ್ ಬಂದಿರುತ್ತದೆ.